ಒನಕೆ, ಕತ್ತಿ, ಕಿರೀಟ, ದುರ್ಬೀನು: ಮಕ್ಕಳ ಜೊತೆ ಮನೆಯಲ್ಲೇ ಮಾಡುವ ಸಾಹಸದ ಸಾಮಾನು – ಪದೇ ಪದೇ ಕೇಳುವ ಪ್ರಶ್ನೆಗಳು

ಮೆಸೇಜು ಬರುವುದು ರಾತ್ರಿ ಎಂಟೂವರೆಗೆ. "ನಾಡಿದ್ದು ಛದ್ಮವೇಷ, ಮಗುವನ್ನು ತಯಾರು ಮಾಡಿ ಕಳಿಸಿ." ಆಗ ಮನೆಯಲ್ಲಿ ಶುರುವಾಗುತ್ತದೆ ನೋಡಿ, ರಟ್ಟಿನ ಡಬ್ಬಕ್ಕೆ ಹುಡುಕಾಟ. ಆರು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಂದು ಒನಕೆ, ಮೂರು ಕತ್ತಿ, ಎರಡು ಗದೆ, ಒಂದು ಹಿಮಗೊಡಲಿ ಮತ್ತು ಲೆಕ್ಕ ಇಡದಷ್ಟು ಕಿರೀಟಗಳು ಹುಟ್ಟಿ ಸತ್ತಿವೆ. ಅಕ್ಕಪಕ್ಕದವರು, ನೆಂಟರು ಕೇಳುವುದು ಸುತ್ತಿ ಬಳಸಿ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬಾಡಿಗೆಗೆ ಸಿಗುತ್ತದಲ್ಲ, ಮಾಡುವ ರಗಳೆ ಯಾಕೆ?

ಬಟ್ಟೆ ಬೇಕಾದರೆ ಬಾಡಿಗೆಗೆ ತನ್ನಿ, ನಾನೂ ತಂದಿದ್ದೇನೆ. ಆದರೆ ಬಾಡಿಗೆಯ ಕತ್ತಿ ಸಂಜೆಗೆ ವಾಪಸ್ ಹೋಗುತ್ತದೆ. ಮುರಿದರೆ ದಂಡ, ಹಾಗಾಗಿ "ಮುಟ್ಟಬೇಡ, ಬೀಳಿಸಬೇಡ" ಅಂತ ದಿನವೆಲ್ಲ ಮಗುವಿನ ಹಿಂದೆ ಓಡಾಡಬೇಕು. ಮನೆಯಲ್ಲಿ ಮಾಡಿದ ಕತ್ತಿಯ ನಿಜವಾದ ಬದುಕು ಶುರುವಾಗುವುದೇ ಸ್ಪರ್ಧೆ ಮುಗಿದ ಮೇಲೆ. ಅದು ಸೋಫಾದ ಮೇಲೆ ಕೋಟೆ ಕಾಯುತ್ತದೆ, ಮಂಚದ ಕೆಳಗೆ ಹಡಗು ಹತ್ತುತ್ತದೆ. ಮೂರು ನಿಮಿಷದ ವೇದಿಕೆಗಾಗಿ ಮಾಡುತ್ತಿದ್ದೇವೆ ಅಂದುಕೊಂಡರೆ ಇಷ್ಟು ಕೆಲಸ ದಂಡವೇ. ಮೂರು ತಿಂಗಳ ಆಟಕ್ಕೆ ಅಂದುಕೊಳ್ಳಿ, ಆಗ ಲೆಕ್ಕ ಸರಿಹೋಗುತ್ತದೆ.

ಗುಜರಿಗೆ ಹಾಕುವ ಮೊದಲು ಏನೇನು ಎತ್ತಿಡಬೇಕು?

ರಟ್ಟಿನ ಡಬ್ಬ, ಅದರಲ್ಲೂ ಟಿವಿ, ಮಿಕ್ಸಿ ಬಂದ ಗಟ್ಟಿ ಡಬ್ಬ. ರದ್ದಿ ಪೇಪರ್. ತೆಂಗಿನ ಪೊರಕೆಯಿಂದ ಉದುರಿದ ಕಡ್ಡಿಗಳು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರುವ ರಟ್ಟಿನ ಕೊಳವೆ – ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಮಗುವನ್ನು ಕರೆದುಕೊಂಡು ಹೋಗಿ ಕೇಳಿದರೆ ಎರಡು ಕೊಡುತ್ತಾರೆ. ಹಳೆ ಸೀರೆಯ ಜರಿ ಅಂಚು, ತೆಂಗಿನ ಕರಟ, ಎರಡು ಲೀಟರಿನ ಬಾಟಲಿ, ಸವೆದ ಬೆಲ್ಟು.

ಜನ ಸುಮ್ನೆ ಎಸೆದುಬಿಡುವ ಎರಡು ಸಾಮಾನಿನ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕು. ಒಂದು, ಚಿಪ್ಸ್ ಪ್ಯಾಕೆಟ್. ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕತ್ತರಿಸಿ ಬಿಡಿಸಿ, ಸಾಬೂನು ನೀರಿನಲ್ಲಿ ಎಣ್ಣೆ ತೊಳೆದು ಒಣಗಿಸಿದರೆ ಅಡುಗೆಮನೆಯ ಫಾಯಿಲ್‌ಗಿಂತ ಜಾಸ್ತಿ ಬಾಳಿಕೆ ಬರುತ್ತದೆ, ಸುಕ್ಕೂ ಕಡಿಮೆ. ಎರಡು, ಲಗ್ನಪತ್ರಿಕೆ. ಇಷ್ಟು ಗಟ್ಟಿಯಾದ, ಇಷ್ಟು ಬಂಗಾರದ ಕಾಗದ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ವೈಶಾಖದಲ್ಲಿ ಬಂದದ್ದನ್ನೆಲ್ಲ ಕೂಡಿಟ್ಟರೆ ನವೆಂಬರ್ ತನಕ ಕಿರೀಟಕ್ಕೆ ಬರವಿಲ್ಲ. ಗಣಪತಿಯ ಚಿತ್ರ ಇರುವ ಭಾಗಕ್ಕೆ ಕತ್ತರಿ ಹಾಕಲು ನಮ್ಮ ಮನೆಯ ಹಿರಿಯರು ಒಪ್ಪುವುದಿಲ್ಲ. ಆ ತುಂಡನ್ನು ಪ್ರತ್ಯೇಕ ಎತ್ತಿಡುತ್ತೇವೆ. ಈಗ ಗಣಪತಿಗಳದ್ದೇ ಒಂದು ಡಬ್ಬ ತುಂಬಿದೆ.

ಯಾವ ವೇಷ ಹಾಕಿಸುವುದು?

ಕೈಯಲ್ಲಿರುವ ಒಂದೇ ಒಂದು ಸಾಮಾನು ನೋಡಿ "ಓ, ಇವರು ಇಂಥವರು" ಅಂತ ಗೊತ್ತಾಗುವ ವೇಷ. ಅಷ್ಟೇ ನನ್ನ ನಿಯಮ. ಒನಕೆ ಹಿಡಿದರೆ ಓಬವ್ವ, ಯಾರೂ ಹೆಸರು ಕೇಳುವುದಿಲ್ಲ. ಗದೆ ಹಿಡಿದರೆ ಹನುಮಂತನೋ ಭೀಮನೋ, ಬಾಲ ನೋಡಿ ಹೇಳಬಹುದು. ಬೆಂಕಿ ಹತ್ತಿದ ಬಾಣ ಹಿಡಿದರೆ ಪೋರ್ಚುಗೀಸರ ವಿರುದ್ಧ ನಿಂತ ಉಳ್ಳಾಲದ ಅಬ್ಬಕ್ಕ. ಕೇಸರಿ, ಕೆಂಪು ಬಣ್ಣದ ರಿಬ್ಬನ್ನನ್ನು ಬಾಣದ ತುದಿಗೆ ಕಟ್ಟಿ, ಬೆಂಕಿ ತಯಾರ್.

ಕಿತ್ತೂರು ಚೆನ್ನಮ್ಮ ಮತ್ತು ಕೆಳದಿ ಚೆನ್ನಮ್ಮನ ವೇಷದಲ್ಲಿ ಒಂದು ತೊಡಕಿದೆ. ಇಬ್ಬರಿಗೂ ಕಚ್ಚೆ ಸೀರೆ, ಕತ್ತಿ, ಕಿರೀಟ. ದೂರದಿಂದ ಇಬ್ಬರೂ ಒಂದೇ ಥರ. ಆಗ ಸಾಮಾನೇ ಕಥೆ ಹೇಳಬೇಕು. ಕಿತ್ತೂರು ಚೆನ್ನಮ್ಮ 1824ರಲ್ಲಿ ಬ್ರಿಟಿಷರ ವಿರುದ್ಧ ನಿಂತವಳು. ಊರೂರಲ್ಲಿ ನಾವು ನೋಡಿದ ಪ್ರತಿಮೆಗಳಲ್ಲಿ ಅವಳು ಕುದುರೆಯ ಮೇಲಿದ್ದಾಳೆ. ಹಾಗಾಗಿ ಹಳೆ ಕಾಲುಚೀಲಕ್ಕೆ ಚಿಂದಿ ತುಂಬಿ, ಕೋಲಿಗೆ ಸಿಕ್ಕಿಸಿ, ಕುದುರೆ ತಲೆ ಮಾಡಿ. ಕಿವಿಗೆ ಎರಡು ಬಟ್ಟೆ ಚೂರು, ಜೂಲಿಗೆ ಉಲ್ಲನ್ನು. ಮಗುವಿಗೆ ಕತ್ತಿಗಿಂತ ಕುದುರೆಯೇ ಇಷ್ಟವಾಗುತ್ತದೆ, ಬರೆದಿಟ್ಟುಕೊಳ್ಳಿ. ಎರಡು ಕರಟಗಳನ್ನು ಬೋರಲು ಹಿಡಿದು ನೆಲಕ್ಕೆ ಟಕಟಕ ಬಡಿದರೆ ಗೊರಸಿನ ಸದ್ದು. ವೇದಿಕೆಯ ಪಕ್ಕದಲ್ಲಿ ಕೂತು ಅದನ್ನು ಬಡಿಯುವ ಕೆಲಸ ತಮ್ಮನಿಗೆ ಕೊಡಿ, ಅವನೂ ನಾಟಕದಲ್ಲಿ ಇದ್ದ ಹಾಗಾಗುತ್ತದೆ.

ಓಬವ್ವನ ಒನಕೆ ಮಾಡುವುದು ಹೇಗೆ?

ಇದನ್ನೇ ಎಲ್ಲರೂ ಜಾಸ್ತಿ ಕೇಳುವುದು. ನಾನು ಮೊದಲ ಸಲ ಕೆಡಿಸಿದ್ದೂ ಇದನ್ನೇ.

ಆಗ ಮಗಳಿಗೆ ಆರು ವರ್ಷ. ನಾನು ಚಾರ್ಟ್ ಪೇಪರ್ ಸುರುಳಿ ಸುತ್ತಿ, ಕಂದು ಬಣ್ಣ ಬಳಿದು, ಅಚ್ಚುಕಟ್ಟಾಗಿ ಒನಕೆ ಮಾಡಿದೆ. ನೋಡಲು ಚೆಂದವಿತ್ತು. ವೇದಿಕೆ ಮೇಲೆ ಅವಳು "ಯಾರಲ್ಲಿ!" ಅಂತ ಕೂಗಿ ಎತ್ತಿ ಬೀಸಿದಳು, ಒನಕೆ ಅರ್ಧಕ್ಕೆ ಮಡಚಿಕೊಂಡು ಬಾಳೆಗಿಡದ ಹಾಗೆ ಜೋತು ಬಿತ್ತು. ಸಭೆಗೆ ನಗು. ಅವಳು ಅಳಲಿಲ್ಲ, ಜೋತ ಭಾಗವನ್ನು ಕೈಯಲ್ಲಿ ಹಿಡಿದು ಶತ್ರುವಿಗೆ ಬಡಿಯುತ್ತಲೇ ಇದ್ದಳು. ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ಓಬವ್ವನ ಒನಕೆಯಲ್ಲಿ ನಿಜವಾಗ್ಲೂ ಭತ್ತ ಕುಟ್ಟುತ್ತಿದ್ದರು ಅಲ್ವಾ? ನಂದರಲ್ಲಿ ಕುಟ್ಟೋಕೆ ಆಗಲ್ಲ."

ಸರಿಯಾದ ಮಾತು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳುವಾಗ ಅವಳ ಕೈಗೆ ಸಿಕ್ಕಿದ್ದು ಆಯುಧವಲ್ಲ, ಮನೆಬಳಕೆಯ ಸಾಮಾನು. ಅದನ್ನು ಮನೆಬಳಕೆಯ ಸಾಮಾನಿನ ಹಾಗೆಯೇ ಮಾಡಬೇಕು.

ಎರಡನೇ ಒನಕೆಗೆ ಬಟ್ಟೆ ಅಂಗಡಿಯ ಕೊಳವೆ ತಂದೆವು. ಉದ್ದ ಮಗುವಿನ ಗಲ್ಲದ ಮಟ್ಟಕ್ಕಿರಲಿ, ಅದಕ್ಕಿಂತ ಉದ್ದವಾದರೆ ಬೀಸುವಾಗ ಪಕ್ಕದವರ ತಲೆಗೆ ತಾಗುತ್ತದೆ. ಎರಡೂ ತುದಿಗೆ ಪೇಪರ್ ಉಂಡೆ ತುರುಕಿ ಬಾಯಿ ಮುಚ್ಚಿ. ಆಮೇಲೆ ರದ್ದಿ ಪೇಪರ್ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಸುತ್ತುತ್ತ ಬನ್ನಿ. ನಡುವೆ, ಕೈ ಹಿಡಿಯುವ ಜಾಗದಲ್ಲಿ ಒಂದೇ ಸುತ್ತು. ತುದಿಗಳ ಕಡೆ ನಾಲ್ಕೈದು ಸುತ್ತು. ನಡು ಸಣ್ಣ, ತುದಿ ದಪ್ಪ – ಆಗಲೇ ಅದು ಕೋಲಲ್ಲ, ಒನಕೆ ಅನ್ನಿಸುವುದು. ಹಿಂದಿನವರ ಮನೆಯ ಒನಕೆ ನೋಡಿದ್ದರೆ ನೆನಪಿಸಿಕೊಳ್ಳಿ, ಕುಟ್ಟುವ ತುದಿಗೆ ಕಬ್ಬಿಣದ ಬಳೆ ಇರುತ್ತದೆ. ಅದಕ್ಕೆ ಚಿಪ್ಸ್ ಪ್ಯಾಕೆಟ್ಟಿನ ಬೆಳ್ಳಿ ಪಟ್ಟಿ ಸುತ್ತಿ, ಮೇಲೆ ಸ್ವಲ್ಪ ಕಪ್ಪು ಒರೆಸಿ. ಬಣ್ಣ ಹಚ್ಚುವಾಗ ಕಂದು ಬಣ್ಣವನ್ನು ಪೂರ್ತಿ ಕಲಸಬೇಡಿ. ಒಣ ಬ್ರಷ್ಷಿನಲ್ಲಿ ಉದ್ದುದ್ದ ಎಳೆದರೆ ಮರದ ಎಳೆಗಳ ಹಾಗೆ ಕಾಣುತ್ತದೆ. ಮಗಳು ಕೊನೆಗೆ ನಡುಭಾಗಕ್ಕೆ ಎಣ್ಣೆ ಬಟ್ಟೆ ಹಿಡಿದು ಉಜ್ಜಿದಳು. "ಕೈ ಬೆವರು ಅಂಟಿ ನುಣ್ಣಗಾಗಿರತ್ತೆ" ಅಂತ. ಆ ಯೋಚನೆ ನನಗೆ ಬಂದಿರಲಿಲ್ಲ.

ರಟ್ಟಿನ ಕತ್ತಿ ಎರಡೇ ದಿನಕ್ಕೆ ಬಗ್ಗಿಹೋಗುತ್ತದೆ. ಯಾಕೆ?

ರಟ್ಟನ್ನು ಅಡ್ಡ ಕತ್ತರಿಸಿದ್ದೀರಿ. ರಟ್ಟಿನ ತುಂಡನ್ನು ಅಂಚಿನಿಂದ ನೋಡಿ, ಎರಡು ಹಾಳೆಗಳ ನಡುವೆ ಅಲೆ ಅಲೆಯಾದ ಇನ್ನೊಂದು ಹಾಳೆ ಕಾಣುತ್ತದೆ. ಆ ಅಲೆಗಳು ಉದ್ದಕ್ಕೆ ಸಾಲು ಸಾಲು ಕೊಳವೆಗಳ ಹಾಗೆ ಓಡುತ್ತವೆ. ಸಾಲಿನ ಉದ್ದಕ್ಕೆ ರಟ್ಟು ಗಟ್ಟಿ, ಅಡ್ಡಕ್ಕೆ ಸಲೀಸಾಗಿ ಮಡಚುತ್ತದೆ. ಕತ್ತಿಯ ಉದ್ದವೂ ಸಾಲಿನ ಉದ್ದವೂ ಒಂದೇ ದಿಕ್ಕಿಗಿರಬೇಕು. ಕಿರೀಟಕ್ಕೆ, ತೋಳಿನ ಕಾಪಿಗೆ ಉಲ್ಟಾ – ಅಲ್ಲಿ ಸಾಲುಗಳು ನಿಂತಿರಬೇಕು, ಆಗ ಸುತ್ತಲೂ ಚೆನ್ನಾಗಿ ಬಾಗುತ್ತದೆ. ಇದೊಂದು ಗೊತ್ತಿದ್ದರೆ ರಟ್ಟಿನ ಕೆಲಸದ ಅರ್ಧ ಪಾಠ ಮುಗಿದ ಹಾಗೆ.

ಒಂದೇ ಆಕಾರದ ಎರಡು ತುಂಡು ಕತ್ತರಿಸಿ. ನಡುವೆ ನಾಲ್ಕೈದು ತೆಂಗಿನ ಕಡ್ಡಿಗಳನ್ನು ಉದ್ದಕ್ಕೆ ಇಟ್ಟು, ಅಂಟು ಹಚ್ಚಿ ಮುಚ್ಚಿ. ಕಡ್ಡಿಯ ತುದಿ ಕತ್ತಿಯ ತುದಿಗಿಂತ ಎರಡು ಬೆರಳು ಹಿಂದೆಯೇ ನಿಲ್ಲಲಿ, ಹೊರಗೆ ಇಣುಕಬಾರದು. ಮೇಲೆ ಅಕ್ಕಿ ಡಬ್ಬ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಂಚಿಗೆಲ್ಲ ಪೇಪರ್ ಟೇಪ್ ಸುತ್ತಿ, ತುದಿಯನ್ನು ದುಂಡಗೆ ಮಾಡಿ. ಆರೇಳು ವರ್ಷದ ಮಗುವಿಗೆ ಅಲಗು 40–45 ಸೆಂಟಿಮೀಟರ್ ಸಾಕು. ಹಿಡಿಗೆ ಹಳೆ ಸೀರೆಯ ಪಟ್ಟಿ ಬಿಗಿಯಾಗಿ ಸುತ್ತಿದರೆ ಬೆವರಿದ ಕೈಯಿಂದಲೂ ಜಾರುವುದಿಲ್ಲ.

ಯಾವ ಅಂಟು ಒಳ್ಳೆಯದು?

ಕಾಗದಕ್ಕೆ, ರಟ್ಟಿಗೆ ಫೆವಿಕಾಲ್ ಥರದ ಬಿಳಿ ಅಂಟು. ಪದರ ಪದರವಾಗಿ ಪೇಪರ್ ಹಚ್ಚುವುದಕ್ಕೆ ಅದು ದುಬಾರಿ, ಅಲ್ಲಿ ಮೈದಾ ಅಂಟೇ ಸರಿ. ಒಂದು ಕಪ್ ಮೈದಾವನ್ನು ಒಂದು ಕಪ್ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ. ಬೇರೆ ಪಾತ್ರೆಯಲ್ಲಿ ಮೂರು ಕಪ್ ನೀರು ಕುದಿಯಲಿ. ಕದಡಿದ್ದನ್ನು ಅದಕ್ಕೆ ಸುರಿದು, ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಕೈ ಬಿಡದೆ ತಿರುವಿ. ರಾಗಿ ಗಂಜಿಯ ಹದಕ್ಕೆ ಬಂದಾಗ ಇಳಿಸಿ, ಒಂದು ಚಮಚ ಉಪ್ಪು ಹಾಕಿ. ಆರಿದ ಮೇಲೆ ಮಕ್ಕಳು ಎರಡೂ ಕೈ ಅದ್ದಬಹುದು, ಅದ್ದಿಯೇ ಅದ್ದುತ್ತಾರೆ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಡಬ್ಬದ ಮೇಲೆ "ಅಂಟು" ಅಂತ ಬರೆದಿಡಿ. ನಮ್ಮ ಮನೆಯಲ್ಲಿ ಒಮ್ಮೆ ಅದು ದೋಸೆ ಹಿಟ್ಟಿನ ಪಕ್ಕ ಇತ್ತು, ಮುಂದಿನದು ಬೇಡ.

ಒಂದು ಎಚ್ಚರಿಕೆ. ಪುಸ್ತಕ ಕಟ್ಟುವವರು, ಪೋಸ್ಟರ್ ಅಂಟಿಸುವವರು ಹುಳ ಬೀಳದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತು ಹಾಕುವುದುಂಟು. ಹಿರಿಯರು ಯಾರಾದರೂ ನಿಮಗೂ ಹೇಳಬಹುದು. ಅದು ವಿಷ. ಮಕ್ಕಳು ಕೈ ಹಾಕುವ ಅಂಟಿಗೆ ಬೇಡವೇ ಬೇಡ. ಬೇಕಾದರೆ ಎರಡು ಲವಂಗ ಕುಟ್ಟಿ ಹಾಕಿ, ವಾಸನೆಯೂ ಚೆನ್ನಾಗಿರುತ್ತದೆ.

ಬಿಸಿ ಅಂಟಿನ ಗನ್ ದೊಡ್ಡವರ ಕೈಯಲ್ಲೇ ಇರಲಿ. ಆ ಹನಿ ಚರ್ಮಕ್ಕೆ ಬಿದ್ದರೆ ಕೊಡವಿದರೂ ಹೋಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ.

ಕಿರೀಟ ತಲೆಯ ಮೇಲೆ ನಿಲ್ಲುವುದೇ ಇಲ್ಲ.

ಅಳತೆ ತಪ್ಪಿರುವುದಿಲ್ಲ, ಭಾರ ತಪ್ಪಿರುತ್ತದೆ. ಮುಂದೆ ಮಣಿ, ಕುಂದಣ, ಗರಿ ಅಂತ ಎಲ್ಲ ಹೇರಿ, ಹಿಂದೆ ಬೋಳು ಬಿಟ್ಟರೆ ಮೂಗಿನ ಮೇಲೆ ಬೀಳದೆ ಇನ್ನೇನಾಗುತ್ತದೆ?

ಮಗುವಿನ ಹಣೆಯ ಸುತ್ತ ದಾರ ಸುತ್ತಿ ಅಳತೆ ತೆಗೆದು, ಎರಡು ಸೆಂಟಿಮೀಟರ್ ಸೇರಿಸಿ. ಒಳಗಡೆ ಹಳೆ ಬನಿಯನ್ನಿನ ಪಟ್ಟಿ ಅಂಟಿಸಿ, ಬೆವರು ಹೀರುತ್ತದೆ, ಜಾರುವುದೂ ಇಲ್ಲ. ಹಿಂದೆ ಎರಡು ತೂತು, ಅದರಲ್ಲಿ ಎಲಾಸ್ಟಿಕ್. ಮುಂದಿನ ಎತ್ತರ ಮಗುವಿನ ಅಂಗೈಯಷ್ಟಿದ್ದರೆ ಸಾಕು.

ಯಕ್ಷಗಾನದ ಕಿರೀಟ ಬೇಕು ಅಂತ ಹಟ ಮಾಡುವ ಮಕ್ಕಳೂ ಇದ್ದಾರೆ. ಆಟದವರ ಕಿರೀಟವೂ ಹಗುರ ಮರದ್ದೇ, ಮೇಲೆ ಬೇಗಡೆ, ಕನ್ನಡಿ ಚೂರು. ತಲೆಗೆ ಬಟ್ಟೆ ಸುತ್ತಿ, ಬಿಗಿದು ಕಟ್ಟುವುದರಲ್ಲೇ ಅವರ ಕೌಶಲ ಇರುವುದು. ಅದೇ ಉಪಾಯ ನಮಗೂ ನಡೆಯುತ್ತದೆ. ಮೊದಲು ತಲೆಗೆ ಹತ್ತಿಯ ದುಪಟ್ಟಾ ಬಿಗಿಯಾಗಿ ಕಟ್ಟಿ, ಅದರ ಮೇಲೆ ಕಿರೀಟ ಕೂರಿಸಿ, ಪಿನ್ನು ಹಾಕಿ. ಕನ್ನಡಿ ಚೂರಿನ ಬದಲು ಬೆಳ್ಳಿ ಕಾಗದದ ಬಿಲ್ಲೆ.

ಗದೆಯ ಗುಂಡು, ಹೆಲ್ಮೆಟ್ಟು – ದುಂಡಗಿನದನ್ನು ಮಾಡುವುದು ಹೇಗೆ?

ಬಲೂನು ಊದಿ, ಮೇಲೆ ಪೇಪರ್ ಪಟ್ಟಿ, ಮೈದಾ ಅಂಟು. ಪೇಪರನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ಒಂದಕ್ಕೊಂದು ಚೆನ್ನಾಗಿ ಬೆರೆಯುತ್ತದೆ. ಮೂರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ, ಬೈಗುಳವಿಲ್ಲದೆ ಪೇಪರ್ ಹರಿಯಬಹುದಲ್ಲ! ಒಂದು ಪದರ ಕನ್ನಡ ಪತ್ರಿಕೆ, ಮುಂದಿನ ಪದರ ಇಂಗ್ಲಿಷ್ ಪತ್ರಿಕೆ ಅಂತ ಇಟ್ಟುಕೊಳ್ಳಿ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆ ಅಂತ ಮಕ್ಕಳಿಗೇ ಗೊತ್ತಾಗುತ್ತದೆ. ನಾಲ್ಕು ಪದರ ಬೇಕು. ಎರಡು ಪದರ ಹಚ್ಚಿ ಒಂದು ದಿನ ಒಣಗಿಸಿ, ಆಮೇಲೆ ಮತ್ತೆರಡು. ಪೂರ್ತಿ ಒಣಗಿದ ಮೇಲೆ ಬಲೂನು ಒಡೆಯಿರಿ, ಆ ಗೌರವ ಯಾರಿಗೆ ಅಂತ ಮೊದಲೇ ತೀರ್ಮಾನವಾಗಿರಲಿ. ಒಡೆದ ಚೂರುಗಳನ್ನು ತಕ್ಷಣ ಎತ್ತಿಬಿಡಿ, ಸಣ್ಣ ಮಕ್ಕಳ ಗಂಟಲಿಗೆ ಅವು ಅಪಾಯ.

ಮಲೆನಾಡು, ಕರಾವಳಿಯವರು ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಕ್ಷೇಮ. ಒಣಗುವ ಮೊದಲೇ ಬೂಷ್ಟು ಬರುತ್ತದೆ. ಹಾಕಲೇಬೇಕು ಅಂದರೆ ನೀರು ಬೆರೆಸಿದ ಫೆವಿಕಾಲ್ ಬಳಸಿ, ಫ್ಯಾನ್ ಕೆಳಗೆ ಇಡಿ.

ಅವಸರದ ಗದೆಗೆ ಬಲೂನೇ ಬೇಡ. ಪಾಲಿಥಿನ್ ಚೀಲಕ್ಕೆ ಪೇಪರ್ ತುರುಕಿ ದುಂಡಗೆ ಮಾಡಿ, ಕೊಳವೆಗೆ ಸಿಕ್ಕಿಸಿ ಟೇಪ್ ಸುತ್ತಿ, ಮೇಲೆ ಬಂಗಾರದ ಕಾಗದ. ತಲೆಗೆ ಬಿದ್ದರೂ ನೋಯುವುದಿಲ್ಲ, ಅದು ಇದರ ದೊಡ್ಡ ಗುಣ.

ಗುರಾಣಿಗೆ ಏನು ಬಳಸಲಿ?

ಅಡಿಕೆ ಹಾಳೆ! ತೋಟದ ಕಡೆ ನೆಂಟರಿದ್ದರೆ ಎರಡು ತರಿಸಿಕೊಳ್ಳಿ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಬಾಗುತ್ತದೆ. ಬೇಕಾದ ಆಕಾರಕ್ಕೆ ಕತ್ತರಿಸಿ, ಬೋರಲು ಹಾಕಿದ ಬೋಗುಣಿಯ ಮೇಲೆ ಹರಡಿ, ಹಗ್ಗದಿಂದ ಬಿಗಿದು ಒಣಗಿಸಿ. ಒಣಗಿದ ಮೇಲೆ ಅದೇ ಆಕಾರ ನಿಲ್ಲುತ್ತದೆ. ತುಳುನಾಡಿನಲ್ಲಿ ಮುಟ್ಟಾಳೆ ಅಂತ ಹಾಳೆಟೋಪಿ ಮಾಡುತ್ತಾರಲ್ಲ, ಅದೂ ಈ ಹಾಳೆಯದ್ದೇ. ಕಾಡು ಸುತ್ತುವ ಸಾಹಸಿಗೆ ಮುಟ್ಟಾಳೆಗಿಂತ ಒಳ್ಳೆ ಟೋಪಿ ಅಂಗಡಿಯಲ್ಲಿಲ್ಲ.

ಹಾಳೆ ಸಿಗದಿದ್ದರೆ ದುಂಡಗೆ ಕತ್ತರಿಸಿದ ರಟ್ಟು. ಮಧ್ಯದಿಂದ ಅಂಚಿನವರೆಗೆ ಒಂದು ಸೀಳು ಹಾಕಿ, ಎರಡು ಬೆರಳಿನಷ್ಟು ಒಂದರ ಮೇಲೊಂದು ಎಳೆದು ಅಂಟಿಸಿ. ಚಪ್ಪಟೆ ರಟ್ಟು ಉಬ್ಬಿದ ಗುರಾಣಿಯಾಗುತ್ತದೆ. ಹಿಂದೆ ಹಳೆ ಬೆಲ್ಟಿನ ಎರಡು ತುಂಡು – ಒಂದು ಮುಂಗೈಗೆ, ಇನ್ನೊಂದು ಮುಷ್ಟಿಗೆ.

ಥರ್ಮಾಕೋಲ್ ಸುಲಭ ಅಲ್ವಾ?

ಸುಲಭವೇ. ಆದರೆ ಕತ್ತರಿಸಿದಾಗ ಬರುವ ಬಿಳಿ ಮಣಿಗಳು ಮುಂದಿನ ಗಣೇಶ ಹಬ್ಬದವರೆಗೂ ಮನೆಯಲ್ಲಿ ಸಿಗುತ್ತಿರುತ್ತವೆ. ಚಪ್ಪಲಿ ಅಂಟಿಸುವ ರಬ್ಬರ್ ಅಂಟು, ಸ್ಪ್ರೇ ಬಣ್ಣ ತಾಗಿದರೆ ಕರಗಿ ಗುಳಿ ಬೀಳುತ್ತದೆ. ಕಾಸಿದ ಚಾಕುವಿನಿಂದ ಕತ್ತರಿಸಿದರೆ ಹೊಗೆ ಕೆಟ್ಟದ್ದು. ನಾನು ಬಿಟ್ಟೇಬಿಟ್ಟಿದ್ದೇನೆ.

ಮುಖಕ್ಕೆ ಬಣ್ಣ?

ಪೋಸ್ಟರ್ ಬಣ್ಣ, ರಂಗೋಲಿ ಪುಡಿ, ಹೋಳಿ ಬಣ್ಣ ಯಾವುದೂ ಮುಖಕ್ಕಲ್ಲ. ಮುಖಕ್ಕೆಂದೇ ಮಾಡಿದ ಬಣ್ಣವನ್ನೂ ಹಿಂದಿನ ದಿನ ಮುಂಗೈಗೆ ಹಚ್ಚಿ ನೋಡಿ. ಸಂಗೊಳ್ಳಿ ರಾಯಣ್ಣನ ಮೀಸೆಗೆ ಕಾಡಿಗೆ ಪೆನ್ಸಿಲ್ ಸಾಕು. ಅಂಟಿಸುವ ಮೀಸೆ ಮಾಡಬೇಡಿ, ಭಾಷಣದ ಮಧ್ಯೆ ಬಾಯೊಳಗೆ ಹೋಗುತ್ತದೆ.

ಮಗಳು ರಾಜ ರಾಣಿ ಬೇಡ ಅನ್ನುತ್ತಾಳೆ. ಬೇರೆ ಸಾಹಸಿಗಳು?

ನನ್ನ ಮೆಚ್ಚಿನದು ತೇನ್‌ಸಿಂಗ್ ನೋರ್ಗೆ. 1953ರ ಮೇ 29ರಂದು ಎವರೆಸ್ಟ್ ತುದಿಯಲ್ಲಿ ಹಿಲರಿ ತೆಗೆದ ಫೋಟೋ ನೀವು ನೋಡಿರುತ್ತೀರಿ. ತೇನ್‌ಸಿಂಗ್ ಎತ್ತಿ ಹಿಡಿದ ಹಿಮಗೊಡಲಿಗೆ ನಾಲ್ಕು ಬಾವುಟ ಕಟ್ಟಿದೆ: ವಿಶ್ವಸಂಸ್ಥೆ, ಬ್ರಿಟನ್, ನೇಪಾಳ, ಭಾರತ. ಒಂದೇ ಸಾಮಾನಿನಲ್ಲಿ ಇಡೀ ಕಥೆ! ಕೊಡಲಿಯ ಕಾವಿಗೆ ಹಳೆ ಪೊರಕೆಯ ಕೋಲು, ತಲೆಗೆ ಎರಡು ಪದರ ರಟ್ಟು, ಬಾವುಟಕ್ಕೆ ಬಿಳಿ ಕರವಸ್ತ್ರ. ನೇಪಾಳದ ಬಾವುಟ ಚೌಕವಲ್ಲ, ಎರಡು ತ್ರಿಕೋನ. ಅದನ್ನು ಬರೆಯುವಾಗ ಮಕ್ಕಳಿಗೆ ಬರುವ ಸಂಭ್ರಮವೇ ಬೇರೆ. ಕಣ್ಣಿಗೆ ಈಜಿನ ಕನ್ನಡಕ, ಬೆನ್ನಿಗೆ ಬಾಟಲಿಯ ಆಮ್ಲಜನಕ ಸಿಲಿಂಡರ್, ಸೊಂಟಕ್ಕೆ ಬಟ್ಟೆ ಒಣಹಾಕುವ ಹಗ್ಗ.

ಅದೇ ಸಿಲಿಂಡರ್ ಗಗನಯಾತ್ರಿಗೂ ನಡೆಯುತ್ತದೆ. ಎರಡು ಲೀಟರಿನ ಎರಡು ಬಾಟಲಿ ತಲೆಕೆಳಗಾಗಿ ಜೋಡಿಸಿ, ಬೆಳ್ಳಿ ಕಾಗದ ಸುತ್ತಿ, ಬಾಯಿಗೆ ಕೇಸರಿ ರಿಬ್ಬನ್ ಕಟ್ಟಿದರೆ ಬೆಂಕಿ. 1984ರಲ್ಲಿ ಹೋದ ರಾಕೇಶ್ ಶರ್ಮಾ, 2025ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ – ಯಾರು ಬೇಕೋ ಮಗುವೇ ಆರಿಸಲಿ. ಹೆಲ್ಮೆಟ್ಟಿಗೆ ಮುಂದೆ ಪ್ಲಾಸ್ಟಿಕ್ ಮುಚ್ಚಬೇಡಿ, ತೆರೆದೇ ಇರಲಿ. ಉಸಿರೂ ಆಡಬೇಕು, ಮಾತೂ ಕೇಳಿಸಬೇಕು.

ಸ್ಪರ್ಧೆ ಗಿರ್ಧೆ ಏನಿಲ್ಲ, ರಜೆಯಲ್ಲಿ ನಿಧಿ ಹುಡುಕುವ ಆಟ ಆಡಿಸಬೇಕು. ಏನು ಮಾಡಲಿ?

ಹಾಗಾದರೆ ಆಟಕ್ಕೆ ನಿಜವಾಗಿ ಕೆಲಸ ಮಾಡುವ ಸಾಮಾನೇ ಮಾಡೋಣ.

ನಕ್ಷೆ: ಬಿಳಿ ಹಾಳೆಯನ್ನು ಉಂಡೆ ಮಾಡಿ ಹಿಸುಕಿ ಬಿಡಿಸಿ. ಕಾಫಿ ಫಿಲ್ಟರಿನಲ್ಲಿ ಉಳಿದ ಚರಟಕ್ಕೆ ಮತ್ತೊಮ್ಮೆ ಬಿಸಿನೀರು ಹೊಯ್ದು, ಇಳಿದ ತೆಳು ಡಿಕಾಕ್ಷನ್ನನ್ನು ತಟ್ಟೆಗೆ ಹಾಕಿ, ಹಾಳೆಯನ್ನು ಐದು ನಿಮಿಷ ಮುಳುಗಿಸಿ. ಸುಕ್ಕುಗಳಲ್ಲಿ ಬಣ್ಣ ಜಾಸ್ತಿ ಇಳಿದು, ಒಣಗಿದಾಗ ಅಜ್ಜನ ಪೆಟ್ಟಿಗೆಯ ಹಳೇ ಪತ್ರದ ಹಾಗಾಗುತ್ತದೆ. ಬರೆಯುವುದು ಒಣಗಿದ ಮೇಲೆ. ಅಂಚನ್ನು ಸುಡುವ ಚಪಲ ಬೇಡ, ಬೆರಳಿನಿಂದ ಹರಿದರೆ ಸಾಕು.

ಗುಟ್ಟಿನ ಪತ್ರ: ನಿಂಬೆರಸದಲ್ಲಿ ಕಡ್ಡಿ ಅದ್ದಿ ಬಿಳಿ ಹಾಳೆಯ ಮೇಲೆ ಬರೆದು ಒಣಗಿಸಿ. ಏನೂ ಕಾಣುವುದಿಲ್ಲ. ದೊಡ್ಡವರು ಮೇಲಿಂದ ಇಸ್ತ್ರಿ ಪೆಟ್ಟಿಗೆ ಎಳೆದರೆ ಅಕ್ಷರ ಕಂದಾಗಿ ಎದ್ದು ಬರುತ್ತದೆ. ರಸ ತಾಗಿದ ಕಡೆ ಕಾಗದ ಬೇಗ ಕಂದಾಗುವುದರಿಂದ ಹೀಗೆ. ಮೊದಲ ಅಕ್ಷರ ಮೂಡುವಾಗ ಮಕ್ಕಳ ಮುಖ ನೋಡಿ, ಪತ್ರ ಆಮೇಲೆ ಓದಬಹುದು.

ದಿಕ್ಸೂಚಿ: ಹೊಲಿಗೆ ಸೂಜಿಯನ್ನು ಅಯಸ್ಕಾಂತದ ಮೇಲೆ ಒಂದೇ ದಿಕ್ಕಿಗೆ ನಲವತ್ತು ಐವತ್ತು ಸಲ ಉಜ್ಜಿ, ಹಿಂದೆ ಮುಂದೆ ಅಲ್ಲ. ಅಡಿಕೆ ಹಾಳೆಯ ಬಟ್ಟಲಿನಲ್ಲೋ ಪಿಂಗಾಣಿಯಲ್ಲೋ ನೀರು ಹಾಕಿ, ಸಣ್ಣ ಎಲೆಯೊಂದನ್ನು ತೇಲಿಬಿಟ್ಟು, ಅದರ ಮೇಲೆ ಸೂಜಿ ಇಡಿ. ಮೆಲ್ಲಗೆ ತಿರುಗಿ ಉತ್ತರ ದಕ್ಷಿಣಕ್ಕೆ ನಿಲ್ಲುತ್ತದೆ. ಸ್ಟೀಲ್ ಪಾತ್ರೆ ಬೇಡ, ಕೆಲವು ಸ್ಟೀಲಿಗೆ ಅಯಸ್ಕಾಂತ ಹಿಡಿಯುತ್ತದೆ, ಸೂಜಿ ದಿಕ್ಕು ತಪ್ಪುತ್ತದೆ. ಆಟ ಮುಗಿದ ಮೇಲೆ ಸೂಜಿ ಎಣಿಸಿ ಒಳಗಿಡಿ.

ದುರ್ಬೀನು: ಒಂದರೊಳಗೊಂದು ಜಾರುವ ಎರಡು ಕೊಳವೆ ಸಿಕ್ಕಿದರೆ ಮುಗಿಯಿತು. ಗಾಜು ಏನೂ ಬೇಡ. ಖಾಲಿ ಕೊಳವೆಯಲ್ಲಿ ಮಕ್ಕಳಿಗೆ ನಮಗಿಂತ ದೂರ ಕಾಣುತ್ತದೆ.

ಮಗು ಎಷ್ಟು ಮಾಡಬೇಕು, ನಾವು ಎಷ್ಟು ಮಾಡಬೇಕು?

ಇಲ್ಲೇ ನಾವು ದೊಡ್ಡವರು ಎಡವುವುದು. ರಾತ್ರಿ ಮಗು ಮಲಗಿದ ಮೇಲೆ "ಸ್ವಲ್ಪ ಸರಿ ಮಾಡ್ತೀನಿ" ಅಂತ ಕೂತು, ಅದು ಅಂಟಿಸಿದ್ದನ್ನು ಕಿತ್ತು ನೆಟ್ಟಗೆ ಅಂಟಿಸುತ್ತೇವೆ. ನಾನೂ ಮಾಡಿದ್ದೇನೆ. ಬೆಳಿಗ್ಗೆ ಮಗ ಎದ್ದು ನೋಡಿದ. "ನನ್ನ ಗುರಾಣಿ ಎಲ್ಲಿ?" ಅಂದ. ಕಣ್ಣೆದುರೇ ಇತ್ತು. ಅವನು ಬರೆದ ಸಿಂಹಕ್ಕೆ ಆರು ಕಾಲಿತ್ತು, ನಾನು ನಾಲ್ಕು ಮಾಡಿದ್ದೆ. "ಅದು ಓಡ್ತಾ ಇತ್ತು" ಅಂದ. ಓಡುವ ಸಿಂಹವನ್ನು ನಾನು ನಿಲ್ಲಿಸಿಬಿಟ್ಟಿದ್ದೆ. ಆವತ್ತಿನಿಂದ ರಾತ್ರಿ ಕೆಲಸ ಬಂದ್.

ಕಟರ್, ಬಿಸಿ ಅಂಟು, ಒಲೆ, ಇಸ್ತ್ರಿ ಪೆಟ್ಟಿಗೆ ನಮ್ಮದು. ಉಳಿದದ್ದೆಲ್ಲ ಅವರದು. ಮೂರು ವರ್ಷದವರು ಹರಿಯುತ್ತಾರೆ, ಹಚ್ಚುತ್ತಾರೆ. ಐದಾರಕ್ಕೆ ಮೊಂಡು ತುದಿಯ ಕತ್ತರಿ ಕೊಡಿ, ತೆಳು ರಟ್ಟು ಕತ್ತರಿಸುತ್ತಾರೆ. ಎಂಟೊಂಬತ್ತಕ್ಕೆ ಅಳತೆ ತೆಗೆದು ಗೆರೆ ಹಾಕುತ್ತಾರೆ, ನಮ್ಮ ತಪ್ಪನ್ನೂ ತೋರಿಸುತ್ತಾರೆ. ವಯಸ್ಸು ಎಷ್ಟೇ ಇರಲಿ, ಬಣ್ಣ ಯಾವುದು ಅಂತ ಹೇಳುವ ಹಕ್ಕು ಅವರದ್ದೇ. ಚೆನ್ನಮ್ಮನಿಗೆ ಗುಲಾಬಿ ಕತ್ತಿ ಬೇಕಾ? ಇರಲಿ ಬಿಡಿ.

ಕತ್ತಿ ಕೊಟ್ಟರೆ ಹೊಡೆದಾಟ ಶುರುವಾಗುತ್ತದೆ.

ಆಗುತ್ತದೆ. ನಮ್ಮ ಮನೆಯ ಕಾನೂನು ಮೂರೇ. ಕತ್ತಿಗೆ ಕತ್ತಿ ತಾಗಬಹುದು, ಮೈಗೆ ತಾಗಬಾರದು. ಕುತ್ತಿಗೆಯಿಂದ ಮೇಲೆ ತೋರಿಸಲೂಬಾರದು. "ಸಂಧಿ" ಅಂದ ತಕ್ಷಣ ನಿಲ್ಲಬೇಕು. ತಪ್ಪಿದವರ ಕತ್ತಿ ಒಂದು ದಿನ ಫ್ರಿಜ್ಜಿನ ಮೇಲೆ ಸೆರೆಮನೆಯಲ್ಲಿ.

ಬಿಲ್ಲು ಬಾಣದ ವಿಷಯದಲ್ಲಿ ನಾನು ಇನ್ನೂ ಬಿಗಿ. ಬಿಲ್ಲಿಗೆ ಎಲಾಸ್ಟಿಕ್ ಬೇಡ, ಸಾದಾ ದಾರ ಕಟ್ಟಿ. ಬಾಣ ಹಾರದಿದ್ದರೆ ಕಣ್ಣು ಉಳಿಯುತ್ತದೆ. ಬಾಣದ ತುದಿಗೆ ನಿಂಬೆಹಣ್ಣಿನ ಗಾತ್ರದ ಬಟ್ಟೆ ಉಂಡೆ.

ಬೇರೆ ಅಪಾಯ ಏನಾದರೂ?

ಬೆನ್ನಿನ ಮೇಲಂಗಿಯನ್ನು ಕುತ್ತಿಗೆಗೆ ಗಂಟು ಹಾಕಬೇಡಿ. ಜಾರುಬಂಡೆಗೋ ಕಿಟಕಿ ಕಂಬಿಗೋ ಸಿಕ್ಕಿಕೊಂಡರೆ ಉರುಳಾಗುತ್ತದೆ. ಎರಡು ಹೆಗಲಿಗೆ ವೆಲ್ಕ್ರೋ ಹಚ್ಚಿ, ಎಳೆದರೆ ಕಿತ್ತು ಬರಬೇಕು. ಮುಖವಾಡದ ಕಣ್ಣಿನ ತೂತು ದೊಡ್ಡದಿರಲಿ, ಹಾಕಿಕೊಂಡು ಮೆಟ್ಟಿಲು ಹತ್ತುವುದು ಬೇಡ. ಮಿನುಗುವ ದೀಪಕ್ಕೆ ಗುಂಡಿಯಂಥ ಪುಟ್ಟ ಬ್ಯಾಟರಿ ಬಳಸುವುದಾದರೆ ಸ್ಕ್ರೂ ಹಾಕಿದ ಮುಚ್ಚಳವಿದ್ದರೆ ಮಾತ್ರ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಕಾಯದೆ ಆಸ್ಪತ್ರೆಗೆ ಓಡಬೇಕು. ನಾವು ದೀಪದ ಸಹವಾಸಕ್ಕೇ ಹೋಗುವುದಿಲ್ಲ.

ನಾವು ಹೊರದೇಶದಲ್ಲಿದ್ದೇವೆ, ರಾಜ್ಯೋತ್ಸವಕ್ಕೆ ಒನಕೆ ಬೇಕು. ಊರಿಂದ ತರಲಾಗುವುದಿಲ್ಲ.

ತರಬೇಕಾಗಿಲ್ಲ. ಅಲ್ಲಿ ಉಡುಗೊರೆ ಕಾಗದ ಸುತ್ತಿ ಬರುವ ಉದ್ದ ಕೊಳವೆ ಸಿಗುತ್ತದೆ. ಎರಡನ್ನು ಒಂದರೊಳಗೊಂದು ಸೇರಿಸಿ, ನಡುವೆ ಕೋಲು ಹಾಕಿ. ಹ್ಯಾಲೋವೀನ್‌ಗೆ ತಂದ ಕಡಲುಗಳ್ಳರ ಕತ್ತಿ ಇದ್ದರೆ ಹಿಡಿಗೆ ಜರಿ ಸುತ್ತಿ, ರಾಯಣ್ಣನಿಗೆ ಆಗುತ್ತದೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ಒನಕೆ ಅಂದರೇನು ಅಂತ ಅಜ್ಜಿಯಿಂದ ವಿಡಿಯೋ ಕರೆಯಲ್ಲಿ ಹೇಳಿಸಿ. ಭತ್ತ ಕುಟ್ಟುವಾಗ ಕೈ ಬದಲಿಸುವ ರೀತಿಯನ್ನು ಅಜ್ಜಿ ತೋರಿಸಿದರೆ ವೇದಿಕೆಯ ಅಭಿನಯವೂ ಅಲ್ಲೇ ಆಯಿತು.

ನಾಳೆ ಬೆಳಿಗ್ಗೆಗೆ ಬೇಕು. ಒಂದೇ ಗಂಟೆ ಇದೆ!

ಒಂದೇ ಸಾಮಾನು ಮಾಡಿ. ಅಂಟು ಒಣಗುವ ಯಾವುದೂ ಬೇಡ, ಬರೀ ಟೇಪಿನ ಕೆಲಸ. ಪಾಲಿಥಿನ್ ಗುಂಡಿನ ಗದೆ ಇಪ್ಪತ್ತು ನಿಮಿಷ, ಲಗ್ನಪತ್ರಿಕೆಯ ಕಿರೀಟ ಹದಿನೈದು. ಬಾಲಕ್ಕೆ ಅಪ್ಪನ ಟವೆಲ್ಲು ಸುರುಳಿ ಸುತ್ತಿ ಪಿನ್ನು. ಉಳಿದ ಸಮಯದಲ್ಲಿ ಮಗುವಿಗೆ ಊಟ ಮಾಡಿಸಿ ಮಲಗಿಸಿ.

ಆಟ ಮುಗಿದ ಮೇಲೆ ಇವನ್ನೆಲ್ಲ ಎಲ್ಲಿಡುವುದು?

ಮೈದಾ ಅಂಟಿನ ಸಾಮಾನಿಗೆ ಜಿರಳೆ ಬರುತ್ತದೆ, ಇಲಿಯೂ ಬರುತ್ತದೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಹಳೆ ದಿಂಬಿನ ಚೀಲಕ್ಕೆ ಹಾಕಿ, ಅಟ್ಟಕ್ಕೆ. ಮುರಿದದ್ದನ್ನು ಮಕ್ಕಳ ಎದುರಿಗೇ ಬಿಚ್ಚಿ. ಹಿಡಿ, ಜರಿ, ಬೆಲ್ಟು ಮುಂದಿನದಕ್ಕೆ ಬರುತ್ತದೆ. ಹೇಳದೆ ಕೇಳದೆ ಗುಜರಿಗೆ ಮಾತ್ರ ಹಾಕಬೇಡಿ. ಎರಡು ವರ್ಷ ಮುಟ್ಟದ ಗದೆಯನ್ನು ಅವತ್ತೇ ಸಂಜೆ ಕೇಳುತ್ತಾರೆ.

ನಮ್ಮ ಒನಕೆ ಇನ್ನೂ ಇದೆ. ಬೆಳ್ಳಿಯ ಬಳೆ ಕಿತ್ತುಹೋಗಿದೆ, ಒಂದು ತುದಿ ಜಜ್ಜಿದೆ. ಕದದ ಹಿಂದೆ ನಿಂತಿರುತ್ತದೆ. ಮಂಚದ ಕೆಳಗೆ ಚೆಂಡು ಹೋದರೆ ಮಗ ಕೂಗುವುದು, "ಅಕ್ಕಾ, ಓಬವ್ವನ್ನ ತಗೊಂಡು ಬಾ!"